ಗೋಡೆಯಾಚೆಯ ಕಿವಿ

ಕೋಯಮತ್ತೂರಿನ ಹತ್ತಿರ, ಹಿಂದೆ ನಾನು ಬಾಳಿದ ಕಿಣತ್ತುಕಡವು ಕಡೆಯಿಂದ ಮದುವೆಗೆ ಕರೆಯಲು ಬಂದಿದ್ದ ನೆಂಟರೊಬ್ಬರು ಕಾಫಿ ಕುಡಿಯುತ್ತ, "ನಿಮ್ ಪಕ್ಕದ್ಮನೆ ದೊಡ್ಡವ್ವನ ಮಗ್ಗದ ಗುಂಡೀನ ಮುಚ್ಚಿಬುಟ್ರು. ಮೇಲೆ ಟೈಲ್ಸ್ ಹಾಕವ್ರೆ, ಪಳಪಳ ಅಂತೈತೆ" ಎಂದರು. ಒಳ್ಳೆಯ ಸುದ್ದಿ ಹೇಳುವ ಧಾಟಿಯಲ್ಲೇ ಹೇಳಿದರು. ನಾನೂ ಒಳ್ಳೇದಾಯ್ತು ಎಂದೆ. ಅವರು ಹೋದ ಮೇಲೆ ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಮಗ್ಗದ ಗುಂಡಿ ಎಂದರೆ ನನಗೆ ಅಂದೂ ಭಯ, ಇಂದೂ ಭಯ. ಆದರೆ ಆ ಒಂದು ಗುಂಡಿ ಇಲ್ಲವಾಯಿತು ಎಂದಾಗ ಹುಟ್ಟಿದ ಭಯ ಬೇರೆ ಥರದ್ದು.

ನೇಯ್ಗೆಯವರ ಮನೆ ನೋಡದವರಿಗೆ ಒಂದು ಮಾತು ಹೇಳಬೇಕು. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಸೊಂಟದ ಆಳಕ್ಕೆ ಗುಂಡಿ ತೋಡಿ, ಅದರ ಅಂಚಿನಲ್ಲಿ ಕುಳಿತು, ಕಾಲು ಕೆಳಗೆ ಇಳಿಬಿಟ್ಟು ಮಗ್ಗ ತುಳಿಯಬೇಕು. ಬೇಸಿಗೆಯಲ್ಲಿ ಅದು ತಣ್ಣಗೆ, ಚಳಿಯಲ್ಲಿ ಬೆಚ್ಚಗೆ. ಅರ್ಧ ಮೈ ನೆಲದ ಮೇಲೆ, ಅರ್ಧ ಮೈ ನೆಲದ ಒಳಗೆ. ಹೀಗೆ ಬದುಕುವವರಿಗೆ ಭಯ ಸ್ವಲ್ಪ ಹೆಚ್ಚೇ ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಬೀದಿಯವರೆಲ್ಲರ ಪಾಲಿನ ಭಯವನ್ನು ದೊಡ್ಡವ್ವ ಒಬ್ಬರೇ ಹೊತ್ತುಕೊಂಡಿದ್ದರು.

ಎಂಬತ್ತರ ದಶಕದ ನಡುವೆ ನಾನು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಆ ಬೀದಿಗೆ ಹೋದೆ. ನಮ್ಮ ಜನವೇ, ನಮ್ಮ ಕಸುಬೇ. ನಮ್ಮಲ್ಲಿ ರೇಷ್ಮೆ, ಅಲ್ಲಿ ಹತ್ತಿ, ಅಷ್ಟೇ ವ್ಯತ್ಯಾಸ ಅಂತ ಅಪ್ಪ ಹೇಳಿ ಕಳಿಸಿದ್ದರು. ಹೋಗಿ ನೋಡಿದರೆ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಆ ಕನ್ನಡಕ್ಕೂ ರಾಗ ತಮಿಳಿನದು. ಮೊದಲ ವಾರ ಅತ್ತೆ ಏನು ಹೇಳಿದರೂ ಬೈಯುತ್ತಿದ್ದಾರೆ ಅನ್ನಿಸಿ ಮೂಲೆಯಲ್ಲಿ ಅಳುತ್ತಿದ್ದೆ. ಆಗ ಗೋಡೆಯ ಆಚೆಯಿಂದ ಒಂದು ದನಿ ಬಂತು.

"ಯಾಕ್ ಕಣ್ಣು, ಸದ್ದೇ ಇಲ್ಲ?"

ಅವರ ಮುಖ ಕಾಣುವ ಮೊದಲೇ ನಾನು ಕೇಳಿದ ಮಾತು ಇದು. ಕಣ್ಣು ಎಂದರೆ ಆ ಕಡೆ ಮುದ್ದಿನ ಕರೆ. ಹೆಸರು ಯಾರೂ ಹೇಳುತ್ತಿರಲಿಲ್ಲ, ಬೀದಿಗೆಲ್ಲ ದೊಡ್ಡವ್ವ. ನನಗೂ ಅವರ ಹೆಸರು ಬರೆಯಲು ಮನಸ್ಸಿಲ್ಲ. ಕುಳ್ಳನೆಯ ಮೈಕಟ್ಟು, ಕಿವಿಯಲ್ಲಿ ಜೋತಾಡುವ ಹಳೆಯ ಓಲೆ. ಸೆರಗಿನ ತುದಿಯನ್ನು ಸದಾ ಎಡಗೈಯಲ್ಲಿ ಹಿಡಿದಿರುತ್ತಿದ್ದರು, ಈಗಲೇ ಎದ್ದು ಓಡಬೇಕಾಗಿ ಬಂದರೆ ಎಡವಬಾರದಲ್ಲ. ಮಕ್ಕಳಿರಲಿಲ್ಲ. ಗಂಡ ಮಾತು ಕಡಿಮೆಯ ಮನುಷ್ಯ. ನೇಯ್ದ ಸೀರೆಗಳ ಗಂಟು ಹೊತ್ತು ಬಸ್ಸು ಹತ್ತಿ ಕೋಯಮತ್ತೂರಿನ ಆರ್.ಎಸ್. ಪುರಂ ಅಂಗಡಿಗಳಿಗೆ ಹೋಗುತ್ತಿದ್ದರು. ಅವರು ಹೋದ ದಿನ ದೊಡ್ಡವ್ವ ಸಂಜೆಯಿಂದಲೇ ಬೀದಿಯ ಮೂಲೆಯಲ್ಲಿ ನಿಂತಿರುತ್ತಿದ್ದರು. ಆತ ಇಳಿದು ಬಂದರೆ ಒಂದು ಮಾತೂ ಆಡದೆ, ಮುಂದೆ ಮುಂದೆ ನಡೆದು ಮನೆ ಸೇರುತ್ತಿದ್ದರು. ಇಷ್ಟು ಹೊತ್ತು ಕಾದದ್ದು ಇನ್ನ್ಯಾರನ್ನೋ ಎಂಬಂತೆ.

ಅವರ ಭಯಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಗುಂಡಿಗೆ ಕಾಲಿಡುವ ಮೊದಲು ಕೋಲಿನಿಂದ ಅಂಚನ್ನು ಬಡಿದು, "ಬರ್ತಾ ಇವ್ನಿ, ದಾರಿ ಬುಡು" ಎಂದು ಹಾವಿಗೋ ಚೇಳಿಗೋ ಹೇಳುತ್ತಿದ್ದರು. ಗುಡುಗು ಕೇಳಿದರೆ, ಸ್ಟೀಲಿನ ಹೊಳಪಿಗೆ ಸಿಡಿಲು ಬಂದೀತೆಂದು ಎವರ್‌ಸಿಲ್ವರ್ ಪಾತ್ರೆಗಳನ್ನೆಲ್ಲ ಚಾಪೆಯಡಿ ಸೇರಿಸುತ್ತಿದ್ದರು. ನಾನು ತವರಿನಿಂದ ತಂದಿದ್ದ ವಾರಪತ್ರಿಕೆಯನ್ನು ಓದುತ್ತ ಕೂತಿದ್ದರೆ ಬಂದು ಭುಜ ಅಲುಗಿಸುತ್ತಿದ್ದರು. "ಬಾಯ್ ಬುಟ್ಟು ಓದು ಕಣ್ಣು. ಸುಮ್ನೆ ಕುಂತಿದ್ರೆ ನಂಗೆ ಪಯಮಾ ಆಗ್ತೈತೆ." ಪಯಮಾ ಎಂದರೆ ಭಯ. ಕನ್ನಡ ಅಕ್ಷರ ಬಲ್ಲವರು ಆ ಬೀದಿಯಲ್ಲಿರಲಿಲ್ಲ. ಅವರಿಗಾಗಿ ನಾನು ಜಾಹೀರಾತುಗಳನ್ನೂ ಗಟ್ಟಿಯಾಗಿ ಓದುತ್ತಿದ್ದೆ.

ಹಾವು, ಗುಡುಗು, ಕೊನೆಯ ಬಸ್ಸು ಇವೆಲ್ಲ ಚಿಲ್ಲರೆ ಭಯಗಳು. ಅವರ ದೊಡ್ಡ ಭಯ ನಿಂತ ಮಗ್ಗದ್ದು. ತಮ್ಮ ಮಗ್ಗದ ಮುಂದೆ ಕೂತೇ ಅವರು ಬೀದಿಯ ಎಲ್ಲ ಮಗ್ಗಗಳನ್ನೂ ಕೇಳುತ್ತಿದ್ದರು. ಯಾರ ಲಾಳಿ ಹೇಗೆ ಓಡುತ್ತದೆ, ಯಾರು ಇವತ್ತು ಬೇಸರದಲ್ಲಿ ತುಳಿಯುತ್ತಿದ್ದಾರೆ, ಎಲ್ಲವೂ ಕಿವಿಗೆ ಗೊತ್ತು. ಯಾವುದಾದರೂ ಒಂದು ನಿಂತು ಸ್ವಲ್ಪ ಹೊತ್ತಾಯಿತೋ, ಕೂಗು ಬಂತೆಂದೇ ಲೆಕ್ಕ. "ಯಾಕ್ ನಿಂತೋಯ್ತು?"

ನೂಲು ಕಿತ್ತಿತು, ಲಾಳಿಯೊಳಗಿನ ನೂಲಿನ ಕಂಡಿಕೆ ತೀರಿತು, ನೀರು ಕುಡಿಯುತ್ತಿದ್ದೇನೆ, ಏನೋ ಒಂದು ಉತ್ತರ ಕೊಡಲೇಬೇಕು. ಕೊಡದಿದ್ದರೆ ಮತ್ತೆ ಕೂಗು. ಆಗಲೂ ಕೊಡದಿದ್ದರೆ ಆಸಾಮಿ ಬಾಗಿಲಲ್ಲೇ ಹಾಜರು. ಬೀಡಿ ಸೇದಲು ಎದ್ದ ಗಂಡಸರು ಹಲ್ಲು ಕಚ್ಚುತ್ತಿದ್ದರು. "ಯಮನಿಗಾದ್ರೂ ಗೊತ್ತಾಗದಂಗೆ ಸಾಯಬೌದು, ಈ ದೊಡ್ಡವ್ವಂಗೆ ಗೊತ್ತಾಗದಂಗೆ ಆಗಲ್ಲ" ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಆ ತಮಾಷೆಯನ್ನು ಆಮೇಲೆ ಅವರು ಎಂದೂ ಮಾಡಲಿಲ್ಲ.

ಯಾಕಿಷ್ಟು ಭಯ ಎಂದು ಒಮ್ಮೆ ಕೇಳಿದ್ದೆ. ಹಿಂದೆ ಏನಾದರೂ ಆಗಿತ್ತೇ ಎಂಬುದು ನನ್ನ ಕುತೂಹಲ. ದೊಡ್ಡವ್ವ ಯೋಚನೆ ಮಾಡಿ, "ಏನೂ ಆಗಿಲ್ಲ. ಅದುಕ್ಕೇ ಪಯಮಾ" ಎಂದರು.

ಐಪ್ಪಸಿ ತಿಂಗಳು, ಅಂದರೆ ದೀಪಾವಳಿಯ ಹೊತ್ತು, ಬಂತೆಂದರೆ ಆ ಬೀದಿಯ ಬಣ್ಣವೇ ಬದಲಾಗುತ್ತಿತ್ತು. ದೀಪಾವಳಿಯ ಸೀರೆಗಳು ಮಗ್ಗದಿಂದ ಇಳಿದಿರುತ್ತಿದ್ದವು. ಮಳೆ ಹಿಡಿದುಕೊಂಡರೆ ಬೀದಿಯಲ್ಲಿ ಉದ್ದ ನೂಲಿನ ಹಾಸು ಎಳೆದು ಗಂಜಿ ಹಾಕುವ ಕೆಲಸ ನಿಲ್ಲುತ್ತಿತ್ತು. ಆಗ ಸಂಸಾರಗಳು ಒಲೆಯ ಸುತ್ತ ಸೇರುತ್ತಿದ್ದವು. ಸುಕ್ಕು ಕಾಫಿಯ ಶುಂಠಿ ಘಾಟು, ಬೇಯಿಸಿದ ಕಡಲೆಕಾಯಿ, ಮರಗೆಣಸು, ತಲೆಗೆ ನೀರು ಹಾಕಿಕೊಂಡ ಹೆಂಗಸರ ಕೂದಲಿಗೆ ಸಾಂಬ್ರಾಣಿ ಹೊಗೆ. ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿದ ಬಿಸಿ ಅನ್ನಕ್ಕೆ ಅತ್ತೆ ಧಾರಾಳವಾಗಿ ತುಪ್ಪ ಹಾಕುತ್ತಿದ್ದ ಕಾಲ ಅದೊಂದೇ. ನನಗೆ ಆ ಊರು ಇಷ್ಟವಾಗಲು ಶುರುವಾದದ್ದೇ ಚಳಿ ಬರುವ ಮುಂಚಿನ ಆ ದಿನಗಳಲ್ಲಿ. ದೊಡ್ಡವ್ವ ಮಾತ್ರ ಆ ದಿನಗಳಲ್ಲಿ ಒಂದು ಹಿಡಿ ಸೊರಗಿ ಹೋಗುತ್ತಿದ್ದರು. "ವಾಡೆ ಕಾತ್ತು ಬರ್ತೈತೆ" ಎನ್ನುವರು. ವಾಡೆ ಕಾತ್ತು ಎಂದರೆ ಬಡಗಣ ದಿಕ್ಕಿನ ಶೀತಗಾಳಿ. ಅದು ಎಳೆಗೂಸುಗಳ ಎದೆಗೆ ಕೂರುತ್ತದೆ ಎಂಬುದು ಅವರ ನಂಬಿಕೆ. ಆ ವರ್ಷ ನನ್ನ ಮಡಿಲಲ್ಲಿ ಎಳೆಗೂಸು ಇತ್ತು, ಇನ್ನೂ ಕೂರಲು ಬಾರದ ಹೆಣ್ಣು ಮಗು.

ಆ ವರ್ಷದ ಮಳೆ ಬಿಡಲೇ ಇಲ್ಲ. ಹಂಚಿನ ಸಂದಿಯಿಂದ ನೀರು ತೊಟ್ಟಿಕ್ಕಿ ಹಾಸು ಹಾಳಾಗದಿರಲೆಂದು ನನ್ನ ಗಂಡ ಸೂರಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿದ್ದರು. ಗುಂಡಿಯ ತಳ ಜಿನುಗುತ್ತಿತ್ತು. ನೂಲು ತೇವ ಹಿಡಿದು ಮೆತ್ತಗಾಗಿ, ಎರಡು ಸಲ ಲಾಳಿ ಓಡಿದರೆ ಒಂದು ಸಲ ಕಿತ್ತುಹೋಗುತ್ತಿತ್ತು. ಮುಂದಿನ ಕಾರ್ತಿಗೆ ತಿಂಗಳ ಮದುವೆಯ ಮುಹೂರ್ತಕ್ಕೆ ಒಪ್ಪಿಕೊಂಡ ಸೀರೆ ಮಗ್ಗದ ಮೇಲಿತ್ತು. ಹೀಗಾದಾಗ ನಮ್ಮವರು ಮಾಡುತ್ತಿದ್ದ ಉಪಾಯ ಒಂದೇ. ಕುಮುಟ್ಟಿ ಎನ್ನುವ ಮಣ್ಣಿನ ಇದ್ದಿಲೊಲೆಗೆ ಕೆಂಡ ತುಂಬಿ ಗುಂಡಿಯೊಳಗೆ ಇಡುವುದು. ಕೆಳಗಿನ ಕಾವಿಗೆ ಹಾಸು ಒಣಗುತ್ತದೆ, ಕಾಲೂ ಬೆಚ್ಚಗಾಗುತ್ತದೆ.

ಅಂದು ಮಧ್ಯಾಹ್ನ ದೊಡ್ಡವ್ವನ ಮನೆಯಲ್ಲಿ ಒತ್ತುಶಾವಿಗೆ. ಬೇಯಿಸಿದ ಅಕ್ಕಿ ಹಿಟ್ಟಿನ ಉಂಡೆಗಳನ್ನು ಬಿಸಿಯಿರುವಾಗಲೇ ಒತ್ತಬೇಕು, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅತ್ತೆಯನ್ನೂ ನನ್ನನ್ನೂ ಕರೆಯಲು ಅವರೇ ಬಂದರು. ಮಗು ಮಗ್ಗದ ಪಕ್ಕದ ಸೀರೆಯ ಜೋಲಿಯಲ್ಲಿ ಮಲಗಿತ್ತು. ಎತ್ತಿಕೊಳ್ಳಲು ಹೋದೆ. "ಮಳೇಲಿ ಎಬ್ಬಿಸ್ಬ್ಯಾಡ, ತೂಗೋಕೆ ಅಪ್ಪ ಅವ್ನೆ" ಎಂದರು ದೊಡ್ಡವ್ವ. ಕೈ ಚಾಚಿ ಮಗುವಿನ ಕಾಲು ಮುಟ್ಟಿ ನೋಡಿದರು. "ಅಯ್ಯಯ್ಯ, ಕಾಲೆಲ್ಲ ಜಿಲ್ ಅಂತೈತೆ." ಓಡಿ ಹೋಗಿ ತಮ್ಮ ಮನೆಯ ಕುಮುಟ್ಟಿಗೆ ಕೆಂಡ ತುಂಬಿ ಸೆರಗಿನಲ್ಲಿ ಹಿಡಿದು ತಂದರು. ನಮ್ಮದೊಂದು ಆಗಲೇ ಗುಂಡಿಯಲ್ಲಿತ್ತು, ಅದರ ಪಕ್ಕಕ್ಕೆ ಇದನ್ನೂ ಇಳಿಸಿದರು. ಗಾಳಿಗೆ ಬಾಗಿಲು ಪಟಪಟ ಬಡಿಯುತ್ತಿತ್ತು. ಹೊರಗೆ ಬಂದ ಮೇಲೆ ಹೇಳಿದರು, "ತಂಬಿ, ಒಳಗಿಂದ ಚಿಲಕ ಹಾಕ್ಕೊ. ಕೊಳಂದೆಗೆ ಕಾತ್ತು ಆಗಲ್ಲ." ತಂಬಿ ಎಂದರೆ ನನ್ನ ಗಂಡ, ಕೊಳಂದೆ ಎಂದರೆ ಕೂಸು. ಚಿಲಕ ಬಿದ್ದ ಸದ್ದು ಕೇಳಿತು. ಮಗ್ಗ ಮತ್ತೆ ಶುರುವಾಯಿತು.

ಆ ಮಧ್ಯಾಹ್ನದ ಸುಖವನ್ನು ನಾನು ಮರೆಯಲಾರೆ, ಮರೆಯಲಾರೆ ಎಂಬುದೇ ನನ್ನ ಸಂಕಟ. ಹೊರಗೆ ಮಳೆ, ಒಳಗೆ ಹಬೆ. ಅತ್ತೆ ಉಂಡೆ ಹಾಕುವರು, ನಾನು ಮರದ ಹಿಡಿಯ ಮೇಲೆ ಮೈಭಾರ ಬಿಟ್ಟು ಒತ್ತುವೆ, ದೊಡ್ಡವ್ವ ಬಾಳೆಲೆ ಹಿಡಿದು ಎಳೆಗಳನ್ನು ಸುತ್ತಿ ತೆಗೆಯುವರು. ಬಿಸಿ ಶಾವಿಗೆಗೆ ಬೆಲ್ಲ, ತೆಂಗಿನಹಾಲು. ಅತ್ತೆ ತಮ್ಮ ಮದುವೆಯ ದಿನ ಗಂಡನ ಮನೆಯವರಿಗೆ ಬಡಿಸುತ್ತ ಬೆಲ್ಲದ ಬದಲು ಹುಣಸೆ ಕಿವುಚಿದ ಕತೆ ಹೇಳಿದರು. ನಾನು ಹೊಟ್ಟೆ ಹಿಡಿದು ನಕ್ಕೆ. ಆ ಮನೆಗೆ ಬಂದ ಮೇಲೆ ಅಷ್ಟು ನಕ್ಕಿದ್ದು ಅಂದೇ.

ದೊಡ್ಡವ್ವನ ಕೈ ಎಲೆಯ ಮೇಲೆಯೇ ನಿಂತಿತು.

"ನಿಂತೋಯ್ತು."

"ನೂಲು ಕಿತ್ತಿರ್ತೈತೆ, ಒತ್ತು" ಎಂದರು ಅತ್ತೆ. ಉಂಡೆ ಆರಿದರೆ ಶಾವಿಗೆ ಕೆಡುತ್ತದೆ. ನಾನು ಇನ್ನೊಂದು ಸಲ ಒತ್ತಿದೆ. ದೊಡ್ಡವ್ವ ಗೋಡೆಯ ಕಡೆ ತಿರುಗಿ ಕೂಗಿದರು. "ತಂಬಿ, ಯಾಕ್ ನಿಂತೋಯ್ತು?" ಉತ್ತರವಿಲ್ಲ. "ಬೀಡಿ ಸೇದ್ತಾ ಕುಂತವ್ನೆ, ಬುಡು" ಎಂದು ಅತ್ತೆ ನಕ್ಕರು. ಎರಡನೆಯ ಕೂಗಿಗೂ ಉತ್ತರ ಬರಲಿಲ್ಲ. ಜೋಲಿಯ ಕಂಬ ಕಿರುಗುಟ್ಟುವ ಸದ್ದೂ ಇಲ್ಲವೆಂದು ನನಗೆ ಆಗ ಹೊಳೆಯಿತು. ನಾನು ಏಳುವಷ್ಟರಲ್ಲಿ ದೊಡ್ಡವ್ವ ಮೂಲೆಯಲ್ಲಿದ್ದ ಒನಕೆ ಎತ್ತಿಕೊಂಡು ಮಳೆಯಲ್ಲಿದ್ದರು.

ಬಾಗಿಲು ಬಡಿದೆ, ಒದ್ದೆ, ಅವರ ಹೆಸರನ್ನೇ ಹಿಡಿದು ಕೂಗಿದೆ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಕರೆದದ್ದು ಅದೊಂದೇ ಸಲ. ಚಿಲಕ ಗಟ್ಟಿಯಾಗಿತ್ತು. ದೊಡ್ಡವ್ವ ಪಕ್ಕಕ್ಕೆ ಹೋಗಿ, ಮಗ್ಗಕ್ಕೆ ಬೆಳಕು ಬರುವ ಸಣ್ಣ ಕಿಟಕಿಗೆ ಮಳೆಗೆಂದು ಜಡಿದಿದ್ದ ಹಲಗೆಗೆ ಒನಕೆಯಿಂದ ಗುದ್ದಿದರು. ಹಲಗೆ ಒಡೆಯಿತು. ಒಳಗಿನಿಂದ ಹೊಗೆಯೂ ಬರಲಿಲ್ಲ, ವಾಸನೆಯೂ ಬರಲಿಲ್ಲ. ಏನೂ ಬಾರದಿದ್ದದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಅವರು ನನ್ನನ್ನು ಸೊಂಟ ಹಿಡಿದು ಎತ್ತಿ ಕಿಟಕಿಯೊಳಗೆ ತಳ್ಳಿದರು. ಬಿದ್ದೆ, ಎದ್ದೆ, ಚಿಲಕ ತೆಗೆದೆ. ನನ್ನ ಗಂಡ ನೇಯ್ದ ಬಟ್ಟೆಯ ಮೇಲೆ ತಲೆಯಿಟ್ಟು, ಕಾಲು ಗುಂಡಿಯಲ್ಲೇ ಬಿಟ್ಟು, ನಿದ್ದೆ ಹೋದವರ ಹಾಗೆ ಬಿದ್ದಿದ್ದರು. ಜೋಲಿಯಲ್ಲಿ ಮಗುವಿನ ಕತ್ತು ವಾಲಿತ್ತು.

ದೊಡ್ಡವ್ವ ಮಗುವನ್ನು ಎತ್ತಿಕೊಂಡು ಮಳೆಗೇ ನಡೆದರು. ಯಾವ ಶೀತಗಾಳಿಗೆ ಅಷ್ಟು ಹೆದರುತ್ತಿದ್ದರೋ ಅದೇ ಗಾಳಿಗೆ ಮಗುವಿನ ಮುಖ ಒಡ್ಡಿ ಹಿಡಿದು, ಅಂಗಾಲಿಗೆ ಹೊಡೆಯುತ್ತ, "ಅಳು ಕಣ್ಣು, ಅಳು" ಎನ್ನುತ್ತಿದ್ದರು. ಅತ್ತೆಯೂ ಓಡಿಬಂದ ಗಂಡಸರೂ ನನ್ನ ಗಂಡನನ್ನು ಜಗುಲಿಗೆ ಎಳೆದು ತಂದರು. ನಾನು ಇಬ್ಬರ ನಡುವೆ ನಿಂತಿದ್ದೆ, ಯಾರ ಕಡೆ ಹೋಗಬೇಕೆಂದು ಕಾಲಿಗೆ ತಿಳಿಯಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಮಗು ಹಾಲು ಕಕ್ಕಿತು, ಬೆಕ್ಕಿನ ಮರಿಯಂತೆ ಸಣ್ಣಗೆ ಕುಂಯ್ ಎಂದಿತು, ಆಮೇಲೆ ಅತ್ತಿತು. ಜಗುಲಿಯ ಮೇಲೆ ನನ್ನ ಗಂಡನೂ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟರು.

ಆಗ ಅತ್ತೆ ಆ ಮಾತು ಆಡಿಬಿಟ್ಟರು. ಗಾಬರಿಯಲ್ಲಿ ಮನುಷ್ಯರು ಯಾರ ಮೇಲಾದರೂ ಬೀಳಬೇಕಲ್ಲ, ಎದುರಿಗಿದ್ದವರು ದೊಡ್ಡವ್ವ.

"ಕೆಂಡ ತಂದಿಟ್ಟೋಳು ನೀನ್ ತಾನೆ. ಚಿಲಕ ಹಾಕ್ಕೊ ಅಂದೋಳೂ ನೀನ್ ತಾನೆ."

ದೊಡ್ಡವ್ವ ಮಗುವನ್ನು ನನ್ನ ಕೈಗೆ ಕೊಟ್ಟರು. ಕೊಟ್ಟು, ಗುಂಡಿಗೆ ಇಳಿದು, ಕೆಂಡವಿದ್ದ ಹಾಗೆಯೇ ತಮ್ಮ ಕುಮುಟ್ಟಿಯನ್ನು ಎತ್ತಿಕೊಂಡು ಹೊರಟರು. ಬೀದಿಯ ನೀರಿನಲ್ಲಿ ಅದು ಸುರ್ರೆಂದು ಆರಿದ್ದು ಕೇಳಿಸಿತು. ಪೇಟೆಯ ಡಾಕ್ಟರು ಮರುದಿನ, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ವಿಷದ ಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಹೇಳಿ ಮಾತು ನಿಲ್ಲಿಸಿದರು. ಬೀದಿಯಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸವೇ ಅದು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಮಾರನೆಯ ದಿನ ಅಕ್ಕಿಬೇಳೆ ಅನ್ನಕ್ಕೆ ತುಪ್ಪ ಸುರಿದು ಹಿತ್ತಲ ಗೋಡೆಯ ಮೇಲಿಂದ ಕೊಟ್ಟರು. ದೊಡ್ಡವ್ವ ಬಟ್ಟಲು ತೊಳೆದು, ಬರಿದು ಕೊಡಬಾರದೆಂದು ಒಂದು ಹಿಡಿ ಕಡಲೆಕಾಯಿ ಹಾಕಿ, ಹಿಂದಿರುಗಿಸಿದರು.

ಅಂದಿನಿಂದ ದೊಡ್ಡವ್ವ ಕೂಗುವುದನ್ನು ಬಿಟ್ಟರು.

ಮೊದಲು ಬೀದಿಗೆ ಅದು ತಿಳಿಯಲೇ ಇಲ್ಲ. ಆಮೇಲೆ ಒಬ್ಬೊಬ್ಬರಿಗೇ ತಿಳಿಯಿತು. ಮಗ್ಗ ನಿಲ್ಲಿಸಿ ನೀರು ಕುಡಿದವರು ಕೂಗಿಗೆ ಕಾದು, ಬಾರದೆ, ಲೋಟ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಹಲ್ಲು ಕಚ್ಚುತ್ತಿದ್ದ ಗಂಡಸರೇ, "ದೊಡ್ಡವ್ವಂಗೆ ಮೈ ಚೆನ್ನಾಗಿಲ್ವಾ" ಎಂದು ಕೇಳಿದರು. ನನ್ನ ಗಂಡನಿಗೆ ತಲೆನೋವು ವಾರಗಟ್ಟಲೆ ಬಿಡದೆ ನಾನೇ ಮಗ್ಗಕ್ಕೆ ಕೂತೆ. ಗುಂಡಿಗೆ ಕಾಲಿಡುವಾಗ ಕೋಲಿನಿಂದ ಅಂಚು ಬಡಿಯುತ್ತಿದ್ದೆ. ಬಾಗಿಲು, ಕಿಟಕಿ ಎಲ್ಲವನ್ನೂ ತೆರೆದಿಟ್ಟು, ಚಳಿಗೆ ನಡುಗುತ್ತ ನೇಯುತ್ತಿದ್ದೆ. ಮಗು ಮಲಗಿದ್ದರೆ ಮತ್ತೆ ಮತ್ತೆ ಎದ್ದು ಮೂಗಿನ ಬಳಿ ಬೆರಳಿಡುತ್ತಿದ್ದೆ. ನನ್ನ ಭಯವನ್ನು ಹೊರುವವರು ಗೋಡೆಯಾಚೆ ಇದ್ದಷ್ಟು ದಿನ ನಾನು ಧೈರ್ಯವಂತೆಯಾಗಿದ್ದೆ. ಈಗ ಅಷ್ಟೂ ನನ್ನ ತಲೆಗೇ ಬಂದಿತ್ತು.

ಕೇಳಿಯೂ ನೋಡಿದೆ. "ಕೂಗಿ ದೊಡ್ಡವ್ವ. ನೀವು ಕೂಗದಿದ್ದರೆ ನನಗೆ ಹೆದರಿಕೆ."

ಅವರು ನನ್ನ ಮುಖ ನೋಡಲಿಲ್ಲ. "ಇನ್ನೊಂಚೂರ್ ತಡ ಆಗಿದ್ರೆ ನನ್ ಪಯಮಾನೇ ಕೊಳಂದೇನ ಕೊಂದಾಕ್ಬುಡೋದು ಕಣ್ಣು. ಅದುನ್ನ ಇನ್ನು ಯಾರ್ ಮನೆಗೂ ಕಳ್ಸಲ್ಲ." ಅವರ ಮಗ್ಗದ ಗುಂಡಿಯಲ್ಲಿ ಆ ಚಳಿಗಾಲ ಕೆಂಡ ಇರಲಿಲ್ಲ. ಕಾಲಿಗೆ ಗೋಣಿ ಸುತ್ತಿಕೊಂಡು ತುಳಿಯುತ್ತಿದ್ದರು.

ಕಾರ್ತಿಗೆ ದೀಪದ ದಿನ ಬೀದಿಯ ಜಗುಲಿಗಳ ಮೇಲೆಲ್ಲ ಹಣತೆ ಹಚ್ಚಿದರು. ದೊಡ್ಡವ್ವ ಪ್ರತಿವರ್ಷ ಮನೆಮನೆಗೂ ಬಂದು, ಮಕ್ಕಳ ಪಾವಾಡೆ ಲಂಗಕ್ಕೆ ಬೆಂಕಿ ತಾಕೀತು ಎಂದು ಹಣತೆಗಳನ್ನು ಹಿಂದಕ್ಕೆ ಸರಿಸುತ್ತಿದ್ದರು. ಆ ವರ್ಷ ಬರಲಿಲ್ಲ. ಹಣತೆಗಳು ಇಟ್ಟಲ್ಲೇ ಉರಿದವು.

ಮಾರನೆಯ ಬೆಳಿಗ್ಗೆ ನಾನು ಮಗ್ಗದಲ್ಲಿದ್ದೆ. ಮಗು ಚಾಪೆಯ ಮೇಲೆ ಬೆರಳು ಚೀಪುತ್ತಿತ್ತು. ಗೋಡೆಯಾಚೆ ಅವರ ಲಾಳಿಯೂ ಓಡುತ್ತಿತ್ತು. ಏನು ತೋಚಿತೋ, ನಾನು ಕೈ ನಿಲ್ಲಿಸಿದೆ. ಕಾಲನ್ನೂ ನಿಲ್ಲಿಸಿದೆ. ನೂಲು ಕಿತ್ತಿರಲಿಲ್ಲ, ಕಂಡಿಕೆ ತೀರಿರಲಿಲ್ಲ. ಲಾಳಿ ಹಿಡಿದು ಉಸಿರು ಬಿಗಿದು ಕೂತೆ.

ಆಚೆಯ ಮಗ್ಗ ಇನ್ನಷ್ಟು ಹೊತ್ತು ಓಡಿತು. ಆಮೇಲೆ ನಿಧಾನವಾಯಿತು. ಆಮೇಲೆ ಅದೂ ನಿಂತಿತು. ಅವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಇವತ್ತು ಕೂಗದಿದ್ದರೆ ಇನ್ನೆಂದೂ ಕೂಗುವುದಿಲ್ಲ ಎನ್ನುವ ಭಯಕ್ಕೆ ಲಾಳಿಯನ್ನು ಇನ್ನೂ ಬಿಗಿಯಾಗಿ ಹಿಡಿದೆ.

"ಕಣ್ಣು." ತೀರ ಸಣ್ಣ ದನಿ. "ಯಾಕ್ ನಿಂತೋಯ್ತು?"

ಉತ್ತರ ಹೇಳಬೇಕೆಂದೇ ಇದ್ದೆ. ಆದರೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಕಣ್ಣಲ್ಲಿ ನೀರು ಧಾರೆಧಾರೆಯಾಗಿ ಇಳಿಯಿತು.

"ಕಣ್ಣು, ಯಾಕ್ ನಿಂತೋಯ್ತು?" ಈ ಸಲ ಬೀದಿಗೆಲ್ಲ ಕೇಳುವಂತೆ. ಮರುಕ್ಷಣ ಕಾಲಿನ ಗೋಣಿಯನ್ನೂ ಬಿಚ್ಚದೆ ಎಡಗೈಯಲ್ಲಿ ಸೆರಗು ಹಿಡಿದು ಬಾಗಿಲಲ್ಲಿದ್ದರು. ಚಾಪೆಯ ಮೇಲಿನ ಮಗುವನ್ನು ನೋಡಿದರು, ನನ್ನನ್ನು ನೋಡಿದರು, ಗುಂಡಿಯೊಳಗೆ ಬಗ್ಗಿ ನೋಡಿದರು. ಎದೆ ಏರಿಳಿಯುತ್ತಿತ್ತು.

"ಕೂಗ್ತಾ ಇವ್ನಿ, ಬಾಯ್ ಬುಡಬಾರ್ದಾ? ನನ್ ಜೀವಾನೇ ಇಲ್ಲ."

"ನೂಲು ಕಿತ್ತಿತು ದೊಡ್ಡವ್ವ" ಎಂದೆ.

ಅವರು ನನ್ನ ಪಕ್ಕ ಅಂಚಿನಲ್ಲಿ ಕೂತು, ಹಾಸಿನ ಮೇಲೆ ಅಂಗೈ ಆಡಿಸುತ್ತ ಕಿತ್ತ ಎಳೆಯನ್ನು ಹುಡುಕಿದರು. ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಎಳೆಯೂ ಕಿತ್ತಿರಲಿಲ್ಲ. ಮತ್ತೊಮ್ಮೆ ಆಡಿಸಿದರು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಇನ್ನೇನು ಬೈಯುತ್ತಾರೆ ಎಂದುಕೊಂಡೆ. ಅವರು ನಡುವಿನ ಒಂದು ಎಳೆಯನ್ನು ಬೆರಳಿಗೆ ಸುತ್ತಿ ಪಟ್ಟನೆ ಕಿತ್ತರು. ಎರಡು ತುದಿಗಳನ್ನೂ ನಾಲಗೆಗೆ ತಾಗಿಸಿ, ಹೊಸೆದು, ಗಂಟು ಹಾಕಿದರು.

"ಹೂಂ, ಇಲ್ಲೇ ಕಿತ್ತೈತೆ" ಎಂದರು. "ಓಡ್ಸು. ನಾನು ಕೇಳ್ತಾ ಇರ್ತೀನಿ."